ಎರಡು ಟಿಕೆಟ್‌ಗಳ ನಡುವಿನ ಲಿಂಕ್

ನಮಸ್ಕಾರ. ಇವತ್ತು ಎರಡು ಟಿಕೆಟ್‌ಗಳ ಕಥೆಯಿಂದ ಶುರು ಮಾಡುತ್ತೇನೆ. ಟಿಕೆಟ್ ಅಂದರೆ ಸಾಫ್ಟ್‌ವೇರ್ ಟೀಮ್ ಒಂದೊಂದು ಕೆಲಸಕ್ಕೂ ತೆರೆಯುವ ದಾಖಲೆ. ಟೀಮ್‌ನ ಟಿಕೆಟ್‌ಗಳೆಲ್ಲ ಒಟ್ಟಿಗೆ ಕಾಣುವ ಪರದೆಯೇ ಬೋರ್ಡ್.

ನಾನಿದ್ದ ಒಂದು ಪ್ರಾಜೆಕ್ಟ್‌ನಲ್ಲಿ ಐದು ಟೀಮ್‌ಗಳಿದ್ದವು. ಪೇಮೆಂಟ್ ಟೀಮ್ ಒಂದು ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡುವ ದಾರಿ) ಮಾಡಿಕೊಡಬೇಕು, ಮೊಬೈಲ್ ಟೀಮ್ ಅದನ್ನು ಬಳಸಬೇಕು. ಎರಡೂ ಕಡೆ ಟಿಕೆಟ್ ಇತ್ತು. ಎರಡೂ ಬೋರ್ಡ್ ನೋಡಿದರೆ ಕೆಲಸ ಸರಿಯಾಗಿ ನಡೆಯುತ್ತಿತ್ತು. ರಿಲೀಸ್‌ಗೆ ಒಂದು ವಾರ ಇರುವಾಗ ವಿಷಯ ಹೊರಗೆ ಬಂತು. ಮೊಬೈಲ್‌ನವರು ಕಾಯುತ್ತಿದ್ದ ಎಪಿಐಯನ್ನು ಪೇಮೆಂಟ್‌ನವರು ಯಾವಾಗಲೋ ಮುಂದಿನ ತಿಂಗಳಿಗೆ ಹಾಕಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಸೋಮಾರಿಗಳಲ್ಲ. ಆ ಎರಡು ಟಿಕೆಟ್‌ಗಳಿಗೆ ಒಂದಕ್ಕೊಂದರ ಪರಿಚಯವೇ ಇರಲಿಲ್ಲ.

ಇಂಥದ್ದು ಆದಮೇಲೆ ಸಾಮಾನ್ಯವಾಗಿ ಏನು ಮಾಡುತ್ತಾರೆ? ಎಲ್ಲರನ್ನೂ ಒಂದೇ ದೊಡ್ಡ ಬೋರ್ಡ್‌ಗೆ ತರುತ್ತಾರೆ. ಎಲ್ಲರಿಗೂ ಒಂದೇ ವರ್ಕ್‌ಫ್ಲೋ, ಅಂದರೆ ಕೆಲಸ ದಾಟುವ ಹಂತಗಳು ಒಂದೇ; ಕೆಲಸ ಎಷ್ಟು ದೊಡ್ಡದು ಎಂದು ಅಂದಾಜಿಸುವ ಸ್ಟೋರಿ ಪಾಯಿಂಟ್ ಕೂಡ ಒಂದೇ ಥರ. ಇದು ನನಗೆ ಒಪ್ಪಿಗೆಯಿಲ್ಲ. ಟೆಸ್ಟಿಂಗ್ ಟೀಮ್ ಕೆಲಸ ಸಾಗುವ ರೀತಿ ಬೇರೆ, ಡಿಸೈನ್ ಟೀಮ್ ಕೆಲಸ ಸಾಗುವ ರೀತಿ ಬೇರೆ. ಒಂದು ಟೀಮ್‌ನ ಐದು ಪಾಯಿಂಟ್ ಇನ್ನೊಂದು ಟೀಮ್‌ಗೆ ಎರಡು ಇರಬಹುದು. ಅವನ್ನು ಕೂಡಿಸಿದರೆ ಬರುವ ಮೊತ್ತಕ್ಕೆ ಅರ್ಥವಿಲ್ಲ.

ನಾವು ಈ ಟಿಕೆಟ್‌ಗಳನ್ನು ಇಡುವ ಜಿರಾ ಎಂಬ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಆಗಲೇ ದಾರಿ ಇದೆ. ಟೀಮ್‌ಗಳು ಸ್ಟೇಟಸ್‌ಗೆ ಏನು ಹೆಸರು ಬೇಕಾದರೂ ಇಟ್ಟುಕೊಳ್ಳಲಿ, ಒಳಗೆ ಅವೆಲ್ಲ ಮೂರೇ ಗುಂಪಿಗೆ ಸೇರುತ್ತವೆ: ಶುರುವಾಗಿಲ್ಲ, ನಡೆಯುತ್ತಿದೆ, ಮುಗಿದಿದೆ. ಮೇಲಿನಿಂದ ನೋಡುವವರಿಗೆ ಈ ಮೂರು ಸಾಕು. ಟಿಕೆಟ್‌ಗಳನ್ನು ಹುಡುಕಲು ಅಂಟಿಸುವ ಗುರುತಿನ ಪದ, ಅಂದರೆ ಲೇಬಲ್, ವಿಷಯದಲ್ಲಿ ಮಾತ್ರ ಹುಷಾರು. ಅದನ್ನು ಯಾರು ಬೇಕಾದರೂ ಟೈಪ್ ಮಾಡಬಹುದು. ಒಂದು ಅಕ್ಷರ ತಪ್ಪಿದರೆ ಆ ಟಿಕೆಟ್ ನಿಮ್ಮ ಫಿಲ್ಟರ್‌ಗೆ ಸಿಗುವುದೇ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಒಂದು ಲೇಖನದಲ್ಲಿ ಹೇಳಿದ್ದರು: ಒಂದು ಸಂಸ್ಥೆಯ ಜನ ತಮ್ಮೊಳಗೆ ಹೇಗೆ ಮಾತಾಡುತ್ತಾರೋ, ಅವರು ಕಟ್ಟುವ ವ್ಯವಸ್ಥೆಗೂ ಅದೇ ಆಕಾರ ಬರುತ್ತದೆ ಅಂತ. ನಮ್ಮ ಬೋರ್ಡ್‌ಗಳೂ ಹಾಗೇ ಅಲ್ವಾ? ಎರಡು ಟೀಮ್ ಮಾತಾಡದ ಕಡೆ ಬೋರ್ಡ್‌ನಲ್ಲೂ ಏನೂ ಇರುವುದಿಲ್ಲ. ಐದು ಟೀಮ್ ಇದ್ದರೆ ಹತ್ತು ಜೋಡಿ. ಹತ್ತು ಟೀಮ್ ಆದರೆ 45 ಜೋಡಿ. ಇಷ್ಟನ್ನು ಯಾರೂ ತಲೆಯಲ್ಲಿ ಇಟ್ಟುಕೊಳ್ಳಲಾರರು.

ಅದಕ್ಕೇ 'ಬ್ಲಾಕ್ಸ್' ಅನ್ನುವ ಲಿಂಕ್ ಇದೆ. ಈ ಟಿಕೆಟ್ ಮುಗಿಯದೆ ಆ ಟಿಕೆಟ್ ಮುಂದೆ ಹೋಗುವುದಿಲ್ಲ ಎಂದು ಅದು ಹೇಳುತ್ತದೆ. ಬರೀ ಹೇಳುತ್ತದೆ ಅಷ್ಟೇ, ತಾನಾಗಿ ಏನನ್ನೂ ತಡೆಯುವುದಿಲ್ಲ. ಇನ್ನೂ ಒಂದು ವಿಷಯ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ನಿಮಗೆ ಅನುಮತಿ ಇದ್ದರೆ ಬೇರೆ ಟೀಮ್‌ನ ಟಿಕೆಟ್‌ಗೆ ಅವರನ್ನು ಕೇಳದೆಯೇ ಲಿಂಕ್ ಹಾಕಬಹುದು. ನೀವು ಹಾಕಿ ನಿಶ್ಚಿಂತೆಯಿಂದ ಇರುತ್ತೀರಿ. ಅವರು ಅದನ್ನು ನೋಡಿಯೇ ಇರುವುದಿಲ್ಲ.

ಹಾಗಾಗಿ ನಾವು ಒಂದು ಪದ್ಧತಿ ಮಾಡಿಕೊಂಡೆವು. ಕೆಲಸ ಬೇಕಾದವರು, ಮಾಡಿಕೊಡುವವರ ಬೋರ್ಡ್‌ನಲ್ಲಿ ಟಿಕೆಟ್ ತೆರೆದು ಲಿಂಕ್ ಹಾಕಬೇಕು. ಆದರೆ ಡ್ಯೂ ಡೇಟ್ (ಕೆಲಸ ಮುಗಿಸುವ ದಿನಾಂಕ) ಮತ್ತು ಅಸೈನಿ (ಆ ಕೆಲಸ ಮಾಡುವವರು) ಹೆಸರನ್ನು ಮಾಡಿಕೊಡುವವರೇ ತುಂಬಬೇಕು. ಅವೆರಡೂ ತುಂಬುವ ತನಕ ಅದು ಬರೀ ಕೋರಿಕೆ, ಅದನ್ನು ನಂಬಿ ಪ್ಲಾನ್ ಮಾಡುವ ಹಾಗಿಲ್ಲ. ದಿನಾಂಕ ಬದಲಾದರೆ ಅವತ್ತೇ ಕಾಯುತ್ತಿರುವವರ ಟಿಕೆಟ್‌ನಲ್ಲಿ ಒಂದು ಸಾಲು ಬರೆಯಬೇಕು. ವಾರಕ್ಕೊಮ್ಮೆ 20 ನಿಮಿಷ ಕೂತು ಈ ಲಿಂಕ್‌ಗಳನ್ನು ಮಾತ್ರ ನೋಡುತ್ತಿದ್ದೆವು. ಟೀಮ್ ಒಳಗಿನ ಕೆಲಸದ ಮಾತು ಅಲ್ಲಿ ಎತ್ತುತ್ತಿರಲಿಲ್ಲ.

ಮೊದಮೊದಲು ಬೇಸರ ಮಾಡಿಕೊಂಡವರು ಇದ್ದರು. ತಮ್ಮ ಹೆಸರಿನ ಮುಂದೆ ದಿನಾಂಕ ಬರೆಯಲು ಎಲ್ಲರಿಗೂ ಸ್ವಲ್ಪ ಹಿಂಜರಿಕೆ. ಅದು ನನಗೆ ಅರ್ಥವಾಗುತ್ತದೆ. ದಿನಾಂಕ ತಪ್ಪಿದವರನ್ನು ಆ ಸಭೆಯಲ್ಲಿ ಬೈಯಬಾರದು ಎಂದು ನಾವು ಮೊದಲೇ ಮಾತಾಡಿಕೊಂಡಿದ್ದು ಅದಕ್ಕೇ. ಬೈದರೆ ಮುಂದಿನ ಸಲ ತಡವಾಗುವ ಸುದ್ದಿಯೇ ನಿಮ್ಮ ತನಕ ಬರುವುದಿಲ್ಲ.

ಮುಂದಿನ ರಿಲೀಸ್‌ನಲ್ಲೂ ಪೇಮೆಂಟ್‌ನವರ ಒಂದು ಕೆಲಸ ಎರಡು ವಾರ ಮುಂದೆ ಹೋಯಿತು. ಸಂಜೆಯೊಳಗೆ ಟಿಕೆಟ್‌ನಲ್ಲಿ ಒಂದು ಸಾಲು ಬಂತು. ಮರುದಿನ ಬೆಳಿಗ್ಗೆ ಮೊಬೈಲ್‌ನವರು ಬೇರೆ ಸ್ಕ್ರೀನ್ ಕೈಗೆತ್ತಿಕೊಂಡಿದ್ದರು.