ಹಳೇ ಬೇಸ್ ಗಿಟಾರ್ ನಿಜಕ್ಕೂ ಹೊಸದಕ್ಕಿಂತ ಚೆನ್ನಾಗಿರುತ್ತಾ?

ನಮಸ್ಕಾರ! ಅರವತ್ತರ ದಶಕದ ಬೇಸ್ ಗಿಟಾರ್‌ಗೆ ಜನ ಹೊಸದಕ್ಕಿಂತ ಎಷ್ಟೋ ಪಟ್ಟು ದುಡ್ಡು ಸುರಿಯುತ್ತಾರಲ್ಲ, ಅದರಲ್ಲಿ ಅಂಥದ್ದೇನಿದೆ? ನಿಮ್ಮಲ್ಲಿ ತುಂಬಾ ಜನ ಕೇಳಿದ್ದೀರಿ, ನೋಡೇಬಿಡೋಣ.

ಹಿನ್ನೆಲೆ ಬೇಗ ಮುಗಿಸುತ್ತೇನೆ. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ಅವರ ಪ್ರಿಸಿಷನ್ ಬೇಸ್ ಅನ್ನೋ ಮಾದರಿ ಬಂದಿದ್ದು 1951ರಲ್ಲಿ, ಜಾಝ್ ಬೇಸ್ 1960ರಲ್ಲಿ. 1965ರಲ್ಲಿ ಫೆಂಡರ್ ಕಂಪನಿಯನ್ನು ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಕೊಂಡುಕೊಂಡಿತು. ಸಂಗ್ರಹಕಾರರು ಅಲ್ಲೇ ಒಂದು ಗೆರೆ ಎಳೆದುಬಿಟ್ಟರು: ಅದಕ್ಕಿಂತ ಹಿಂದಿನದು ಚಿನ್ನ, ಆಮೇಲಿನದು ತಗಡು. ಒಂದೇ ರಾತ್ರಿಯಲ್ಲಿ ಮರವೆಲ್ಲ ಮುನಿಸಿಕೊಂಡಿತು ಅನ್ನೋ ಹಾಗೆ!

ಈಗ ನನಗೆ ಇಷ್ಟವಾದ ಭಾಗ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಗೊತ್ತಲ್ವಾ? "ವಿಂಟೇಜ್ ಸೌಂಡ್" ಅಂದ ಕೂಡಲೇ ಎಲ್ಲರೂ ಬೆರಳು ತೋರಿಸೋದು ಅವರ 1962ರ ಪ್ರಿಸಿಷನ್ ಕಡೆಗೇ. ಆದರೆ ಒಂದು ನಿಮಿಷ ಲೆಕ್ಕ ಹಾಕಿ. ಆ ಹಾಡುಗಳು ರೆಕಾರ್ಡ್ ಆಗಿದ್ದು ಅರವತ್ತರ ದಶಕದಲ್ಲೇ. ಅಂದರೆ ಆಗ ಆ ಗಿಟಾರ್‌ಗೆ ಕೆಲವೇ ವರ್ಷ ವಯಸ್ಸು. ನಾವು ಯಾವುದನ್ನು ಹಳೇ ಮರದ ಮಾಯೆ ಅಂತ ಕಣ್ಣು ಮುಚ್ಚಿ ಕೇಳುತ್ತೇವೋ, ಅದು ಹೆಚ್ಚುಕಡಿಮೆ ಹೊಸ ಗಿಟಾರ್‌ನ ದನಿ!

[ಕ್ಲೋಸ್‌ಅಪ್: ಬ್ರಿಡ್ಜ್ ಮೇಲಿನ ಲೋಹದ ಕವರ್]

ಹಾಗಾದರೆ ಆ ಗುಮ್ಮೆನ್ನುವ ದನಿ ಎಲ್ಲಿಂದ ಬಂತು? ತಂತಿಗಳ ತುದಿ ಕೂರುವ ಬ್ರಿಡ್ಜ್ ಮೇಲಿನ ಈ ಕವರ್ ಒಳಗೆ ನೋಡಿ, ಒಂದು ತುಂಡು ಸ್ಪಂಜು. ಕಾರ್ಖಾನೆಯಲ್ಲೇ ಇಡುತ್ತಿದ್ದರು. ಅದು ತಂತಿಗಳಿಗೆ ಒತ್ತಿಕೊಂಡಿರುತ್ತೆ, ಹಾಗಾಗಿ ಸ್ವರ ಜಾಸ್ತಿ ಹೊತ್ತು ಎಳೆಯದೆ ದಪ್ಪಗೆ ಬಡಿದು ನಿಂತುಬಿಡುತ್ತೆ. ಎಷ್ಟೋ ವಾದಕರು ಕೈಗೆ ಅಡ್ಡ ಅಂತ ಕವರನ್ನೇ ಕಿತ್ತಿಟ್ಟರು, ಜೇಮರ್ಸನ್ ಕೀಳಲಿಲ್ಲ. ಅದರ ಮೇಲೆ ನುಣುಪಾದ, ದಪ್ಪನೆ ಫ್ಲಾಟ್‌ವೂಂಡ್ ಸ್ಟ್ರಿಂಗ್, ಅಂದರೆ ಚಪ್ಪಟೆ ಲೋಹದ ಪಟ್ಟಿ ಸುತ್ತಿದ ತಂತಿ. ತುಂಡಾಗುವವರೆಗೂ ಬದಲಾಯಿಸುತ್ತಿರಲಿಲ್ಲ ಅಂತ ಅವರ ಜೊತೆಗಾರರು ಹೇಳುತ್ತಿದ್ದರಂತೆ. ಮೀಟಿದ್ದು ಬಲಗೈ ತೋರುಬೆರಳು ಒಂದರಲ್ಲೇ. ಸ್ಪಂಜು, ಕೊಳೆ ತಂತಿ, ಒಂದು ಬೆರಳು. ಇದಕ್ಕೆ ಅರವತ್ತು ವರ್ಷ ಕಾಯಬೇಕಾ ಹೇಳಿ?

ಟೈಮ್ ಆಗ್ತಾ ಬಂತು, ಉಳಿದದ್ದನ್ನು ಓಡಿಸುತ್ತೇನೆ. ಆಗ ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಪಿಕಪ್ ಸುತ್ತುವಾಗ ತಾಮ್ರದ ತಂತಿಯನ್ನು ಕೈಯಲ್ಲಿ ಹಿಡಿದು ನಡೆಸುತ್ತಿದ್ದರು, ಹಾಗಾಗಿ ಒಂದರಂತೆ ಇನ್ನೊಂದಿಲ್ಲ: ಕೆಲವು ಅದ್ಭುತ, ಕೆಲವು ಸುಮಾರು. ಇವತ್ತು ಯಂತ್ರ ಕೊರೆದ ನೆಕ್ ಪಾಕೆಟ್‌ನಲ್ಲಿ, ಅಂದರೆ ಗಿಟಾರ್‌ನ ಒಡಲಿನ ಗುಳಿಯಲ್ಲಿ, ನೆಕ್ (ಉದ್ದನೆ ಕತ್ತು) ಬಿಗಿಯಾಗಿ ಕೂರುತ್ತೆ. ನೆಕ್ ಅನ್ನು ಮೂರೇ ಬೋಲ್ಟ್‌ನಿಂದ ಬಿಗಿದ ಎಪ್ಪತ್ತರ ದಶಕದ ಕೆಲವು ಜಾಝ್ ಬೇಸ್‌ಗಳಲ್ಲಿ ಅದೇ ಅಲ್ಲಾಡುತ್ತಿತ್ತು, ಅವೂ ಈಗ ವಿಂಟೇಜೇ! ಹಳೇ ಗಿಟಾರ್‌ಗೆ ಬಳಿದ ತೆಳು ಲ್ಯಾಕರ್ ಮೆರುಗಿನಿಂದ ಮರ "ಉಸಿರಾಡುತ್ತೆ" ಅನ್ನೋದು ನನ್ನ ಪ್ರಕಾರ ಮಾರುವವರ ಮಾತು. ಹಾಂ, ಆಡಿ ಆಡಿ ಅಂಚು ಸವೆದ ನೆಕ್ ಕೈಗೆ ಕೊಡುವ ಹಿತ ಮಾತ್ರ ನಿಜ, ಅದನ್ನು ಅಲ್ಲಗಳೆಯಲ್ಲ. ಇನ್ನು ಕೆಟ್ಟದಾಗಿ ತಯಾರಾದವು ಯಾವತ್ತೋ ಮೂಲೆ ಸೇರಿವೆ, ಇವತ್ತು ಎಲ್ಲರೂ ಹೊಗಳೋದು ಉಳಿದುಕೊಂಡ ಒಳ್ಳೆಯವನ್ನು.

ಸಂಗ್ರಹಕ್ಕೆ ಬೇಕಿದ್ದರೆ ಹಳೆಯದನ್ನೇ ಕೊಳ್ಳಿ. ದನಿ ಬೇಕು ಅಂದರೆ ಮೊದಲು ಫ್ಲಾಟ್‌ವೂಂಡ್ ಹಾಕಿ, ಬ್ರಿಡ್ಜ್ ಹತ್ತಿರ ಸ್ಪಂಜು ತುರುಕಿ, ಗಿಟಾರ್‌ನ ಟೋನ್ ನಾಬ್ ಸ್ವಲ್ಪ ಇಳಿಸಿ. ಸ್ಪಂಜು ವಿಂಟೇಜ್ ಆಗಿರಬೇಕಾಗಿಲ್ಲ.