ಪ್ಲಸ್ ಮೇಲಕ್ಕೆ, ಮೈನಸ್ ಕೆಳಕ್ಕೆ: ಭಾರೀ ನ್ಯೂಕ್ಲಿಯಸ್ ಡಿಕ್ಕಿಯಲ್ಲಿ ಇದನ್ನು ಹಿಡಿಯೋದು ಹೇಗೆ?

[ತೆರೆಯಲ್ಲಿ: ಸ್ವಲ್ಪ ಓರೆಯಾಗಿ ಗುದ್ದಿಕೊಳ್ಳುವ ಎರಡು ಚಿನ್ನದ ನ್ಯೂಕ್ಲಿಯಸ್]

ನಮಸ್ಕಾರ. ಇದು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ರಿಕ್ ಯಂತ್ರ, ಅಂದ್ರೆ ಭಾರೀ ನ್ಯೂಕ್ಲಿಯಸ್‌ಗಳನ್ನು ಡಿಕ್ಕಿ ಹೊಡೆಸುವ ಯಂತ್ರ. ನ್ಯೂಕ್ಲಿಯಸ್‌ಗಳು ನೆಟ್ಟಗೆ ಗುದ್ದದೆ ಓರೆಯಾಗಿ ಗುದ್ದಿದಾಗ, ತಗುಲದೆ ಮುಂದೆ ಹೋದ ಪ್ರೋಟಾನ್‌ಗಳಿಂದ ಕ್ಷಣಮಾತ್ರ ಸುಮಾರು 10ರ ಘಾತ 18 ಗಾಸ್ ಕಾಂತಕ್ಷೇತ್ರ ಹುಟ್ಟುತ್ತೆ. ಕ್ವಾರ್ಕ್ ಅಂದ್ರೆ ಪ್ರೋಟಾನ್ ಒಳಗಿನ ಕಣ; ಅದರ ಸ್ಪಿನ್ ಚಲನೆಯ ದಿಕ್ಕಿಗೇ ಇದ್ದರೆ ಬಲಗೈ, ಎದುರಿದ್ದರೆ ಎಡಗೈ. ಆಗ ಎಡಗೈ ಮತ್ತು ಬಲಗೈ ಕ್ವಾರ್ಕ್‌ಗಳ ಸಂಖ್ಯೆ ಸಮ ಇಲ್ಲದಿದ್ದರೆ, ಆ ಕ್ಷೇತ್ರದ ಗುಂಟ ಪ್ಲಸ್ ಒಂದು ಕಡೆ, ಮೈನಸ್ ಇನ್ನೊಂದು ಕಡೆ ಸರಿಯಬೇಕು. ಕೈರಲ್ ಮ್ಯಾಗ್ನೆಟಿಕ್ ಎಫೆಕ್ಟ್ ಅಂದ್ರೆ ಇದೇ.

ಮೇಲೆಷ್ಟು, ಕೆಳಗೆಷ್ಟು ಅಂತ ಎಣಿಸಿದರೆ ಸರಾಸರಿ ಸೊನ್ನೆ. ಒಂದು ಡಿಕ್ಕಿಯಲ್ಲಿ ಪ್ಲಸ್ ಮೇಲೆ ಹೋದರೆ ಮತ್ತೊಂದರಲ್ಲಿ ಕೆಳಗೆ ಹೋಗುತ್ತೆ. ಅದಕ್ಕೇ ಕಣಗಳನ್ನು ಜೋಡಿಯಾಗಿ ನೋಡಬೇಕು.

[ತೆರೆಯಲ್ಲಿ: ಕಾಸ್ (ಕೋನ 1 + ಕೋನ 2 − 2 × ಸಮತಲದ ಕೋನ)]

ಡಿಕ್ಕಿಯ ಸಮತಲ, ಅಂದ್ರೆ ಎರಡೂ ನ್ಯೂಕ್ಲಿಯಸ್‌ಗಳ ದಾರಿ ಇರುವ ಸಮತಲ, 0 ಡಿಗ್ರಿ ಅಂತ ಇಟ್ಕೊಳ್ಳಿ. ಕಾಂತಕ್ಷೇತ್ರ ಅದಕ್ಕೆ ಲಂಬ. ಎರಡು ಪ್ಲಸ್ ಕಣ 90ರಲ್ಲಿ ಹೊರಟರೆ ಕಾಸ್ 180, ಅಂದ್ರೆ −1. ಪ್ಲಸ್ 90ರಲ್ಲಿ, ಮೈನಸ್ 270ರಲ್ಲಿ ಹೊರಟರೆ ಕಾಸ್ 360, ಅಂದ್ರೆ +1. ವಿರುದ್ಧ ಚಾರ್ಜ್ ಜೋಡಿಗಳ ಸರಾಸರಿಯಿಂದ ಒಂದೇ ಚಾರ್ಜ್ ಜೋಡಿಗಳ ಸರಾಸರಿ ಕಳೆಯಿರಿ: ಡೆಲ್ಟಾ ಗಾಮಾ ಸಿಕ್ತು. ಸಮತಲ ಗುರುತಿಸುವಾಗ ಆ ಎರಡು ಕಣಗಳನ್ನು ಹೊರಗಿಡಲೇಬೇಕು, ಇಲ್ಲದಿದ್ದರೆ ಅವು ತಮ್ಮ ಜೊತೆಗೇ ಹೊಂದಾಣಿಕೆ ತೋರಿಸುತ್ತವೆ. ಕೊನೆಗೆ ಸಮತಲದ ರೆಸಲ್ಯೂಷನ್‌ನಿಂದ, ಅಂದ್ರೆ ಸಮತಲ ಎಷ್ಟು ನಿಖರವಾಗಿ ಸಿಕ್ಕಿತು ಅನ್ನೋ ಅಳತೆಯಿಂದ, ಭಾಗಿಸಿ.

2009ರಲ್ಲಿ ರಿಕ್‌ನ ಸ್ಟಾರ್ ಪ್ರಯೋಗದ ತಂಡ ಪ್ರಕಟಿಸಿದ ವ್ಯತ್ಯಾಸ ಪಾಸಿಟಿವ್ ಆಗೇ ಇತ್ತು. ಹಾಗಾದ್ರೆ ಸಿಕ್ಕೇಬಿಡ್ತಾ? ಇಲ್ಲ. ಡಿಕ್ಕಿಯಲ್ಲಿ ಹುಟ್ಟುವ ಅಲ್ಪಾಯುಷಿ ರೋ ಕಣ ಒಡೆದು ಒಂದು ಪ್ಲಸ್ ಪಯಾನ್, ಒಂದು ಮೈನಸ್ ಪಯಾನ್ ಆಗುತ್ತೆ. ಎರಡೂ 0 ಡಿಗ್ರಿ ಆಸುಪಾಸಲ್ಲಿ ಹೊರಟರೆ ಕಾಸ್ 0. ಅದೂ +1! 90ರತ್ತ ಹೊರಟ ರೋ −1 ಕೊಡುತ್ತೆ ನಿಜ, ಆದರೆ ಕಣಗಳು ಸಮತಲದ ಗುಂಟವೇ ಹೆಚ್ಚು ಚಿಮ್ಮೋದರಿಂದ ಲೆಕ್ಕ ಸಮ ಆಗಲ್ಲ. ಕಾಂತಕ್ಷೇತ್ರದ ಹಂಗೇ ಇಲ್ಲದೆ ಸುಳ್ಳು ಸಂಕೇತ ಬರುತ್ತೆ.

ಇದನ್ನು ಬಿಡಿಸೋಕೆ 2018ರಲ್ಲಿ ರುಥೇನಿಯಂ-96 ಮತ್ತು ಜಿರ್ಕೋನಿಯಂ-96 ತಗೊಂಡ್ರು. ಪ್ರೋಟಾನ್, ನ್ಯೂಟ್ರಾನ್ ಸೇರಿ ಎರಡರಲ್ಲೂ 96, ಪ್ರೋಟಾನ್ ಮಾತ್ರ 44 ಮತ್ತು 40. ಸಂಕೇತ ಕಾಂತಕ್ಷೇತ್ರದ ವರ್ಗಕ್ಕೆ ತಕ್ಕಂತೆ ಏರುವುದರಿಂದ ರುಥೇನಿಯಂನಲ್ಲಿ ಹೆಚ್ಚು ಬರಬೇಕು. ಯಾವ ಡೇಟಾ ಯಾವುದರದು ಅಂತ ವಿಶ್ಲೇಷಕರಿಂದಲೇ ಮುಚ್ಚಿಟ್ಟು ಲೆಕ್ಕ ಮಾಡಿಸಿದ್ದು ಈ ಪ್ರಯೋಗದ ದೊಡ್ಡ ಗುಣ. 2021ರಲ್ಲಿ ತೆರೆದು ನೋಡಿದರೆ ರುಥೇನಿಯಂ ಸಂಕೇತಕ್ಕೂ ಜಿರ್ಕೋನಿಯಂ ಸಂಕೇತಕ್ಕೂ ಇರುವ ಅನುಪಾತ 1ಕ್ಕಿಂತ ಕಡಿಮೆ. ಯಾಕಂದ್ರೆ ರುಥೇನಿಯಂ ಡಿಕ್ಕಿಯಲ್ಲಿ ಕಣಗಳು ಕೆಲವು ಶೇಕಡ ಹೆಚ್ಚು ಹುಟ್ಟುತ್ತವೆ. ಕಣ ಹೆಚ್ಚಿದಷ್ಟೂ ಸುಳ್ಳು ಸಂಕೇತ ತೆಳುವಾಗುತ್ತೆ. ಹಾಗಾಗಿ ಹೋಲಿಸಬೇಕಾದ ಗೆರೆ 1 ಅಲ್ಲ.

ಇನ್ನೊಂದು ದಾರಿ ಎರಡು ಸಮತಲಗಳದ್ದು. ತಗುಲದೆ ಹೋದ ನ್ಯೂಟ್ರಾನ್‌ಗಳಿಂದ ಒಂದು, ಹುಟ್ಟಿದ ಕಣಗಳಿಂದ ಒಂದು. ನಿಜವಾದ ಸಂಕೇತ ಮೊದಲನೆಯದರಲ್ಲಿ ಜೋರು, ಸುಳ್ಳು ಸಂಕೇತ ಎರಡನೆಯದರಲ್ಲಿ ಜೋರು.