ಕೆಲಸ ಬಿಟ್ಟವರ ಕಾರ್ಡ್ ಎಷ್ಟು ಗಂಟೆಗೆ ಸಾಯುತ್ತದೆ?

ನಮಸ್ಕಾರ, ಬನ್ನಿ. ಇವತ್ತು ಮಾತಾಡಬೇಕು ಅಂದುಕೊಂಡಿದ್ದ ವಿಷಯವೇ ಬೇರೆ. ಆದರೆ ಆಫೀಸಿನ ಎಲ್ಲ ಬಾಗಿಲುಗಳನ್ನೂ ಒಂದೇ ಕಡೆಯಿಂದ ನಡೆಸುವ ಸೆಂಟ್ರಲ್ ಸಿಸ್ಟಮ್ ಬಗ್ಗೆ ಮಾಡಿದ್ದ ಹೋದ ವಿಡಿಯೋ ಕೆಳಗೆ ಒಬ್ಬರು ಹಾಕಿರುವ ಕಾಮೆಂಟ್ ಓದಿ ತಲೆ ಕೆಟ್ಟಿದೆ. ಓದುತ್ತೇನೆ, ಕೇಳಿ. “ನಮ್ಮ ಆಫೀಸಿನಲ್ಲಿ ಪ್ರತಿ ಬಾಗಿಲಿಗೂ ಒಂದೊಂದು ಫಿಂಗರ್‌ಪ್ರಿಂಟ್ ಮೆಷಿನ್ ಇದೆ. ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಸೆಂಟ್ರಲ್ ಸಿಸ್ಟಮ್ ಅನ್ನೋದೆಲ್ಲ ದುಡ್ಡು ಕೀಳೋ ದಾರಿ. ಸುಮ್ನೆ ಹೆದರಿಸಬೇಡಿ ಸರ್.” ಅದರ ಕೆಳಗೆ ಇನ್ನೊಬ್ಬರು: “ಕರೆಕ್ಟಾಗಿ ಹೇಳಿದ್ರಿ ಬ್ರೋ.”

ಸರಿ ಬ್ರೋ. “ಚೆನ್ನಾಗಿ ಕೆಲಸ ಮಾಡುತ್ತಿದೆ” ಅಂದರೆ ಏನು? ಬೆರಳು ಇಟ್ಟರೆ ಬಾಗಿಲು ತೆರೆಯುತ್ತದೆ, ಅಷ್ಟೇ ತಾನೇ? ಬಾಗಿಲು ತೆರೆಯೋಕೆ ಮೆಷಿನ್ ಯಾಕೆ ಬೇಕು? ಹಿಡಿಕೆ ಸಾಕು. ಮೆಷಿನ್ ಬೇಕಾಗಿರುವುದು ಬಾಗಿಲು ತೆರೆಯದೇ ಇರೋಕೆ!

ಹಾಗಾಗಿ ನನ್ನದು ಒಂದೇ ಪ್ರಶ್ನೆ. ಇವತ್ತು ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಆಫೀಸಿನಲ್ಲಿ ಒಬ್ಬರು ಕೆಲಸ ಬಿಟ್ಟರು. ಜಗಳ ಮಾಡಿಕೊಂಡೇ ಬಿಟ್ಟರು ಅಂತ ಇಟ್ಟುಕೊಳ್ಳಿ. ಅವರ ಕಾರ್ಡ್, ಅವರ ಬೆರಳು, ನಿಮ್ಮ ಎಲ್ಲ ಬಾಗಿಲುಗಳಲ್ಲೂ ಎಷ್ಟು ಗಂಟೆಗೆ ಸಾಯುತ್ತದೆ? ಮೂರೂ ಐದಕ್ಕಾ? ಸಂಜೆಗಾ? ಮುಂದಿನ ವಾರಕ್ಕಾ?

ಆ ಬಿಡಿ ಮೆಷಿನ್‌ಗಳಲ್ಲಿ ಒಬ್ಬರ ಹೆಸರು ತೆಗೆಯುವುದನ್ನು ಯಾವತ್ತಾದರೂ ಪಕ್ಕದಲ್ಲಿ ನಿಂತು ನೋಡಿದ್ದೀರಾ? ಐಟಿ ಹುಡುಗ ಮೊದಲನೇ ಬಾಗಿಲಿಗೆ ಹೋಗುತ್ತಾನೆ. ಮೆನು ಬಟನ್ ಒತ್ತಿ ಹಿಡಿಯುತ್ತಾನೆ. ಅದು ಅಡ್ಮಿನ್ ಬೆರಳು ಕೇಳುತ್ತದೆ. ಅಡ್ಮಿನ್ ಯಾರು? ಮೆಷಿನ್ ಹಾಕಿಸಿದ ಮ್ಯಾನೇಜರ್. ಅವರೆಲ್ಲಿ? ಅವರೂ ಕೆಲಸ ಬಿಟ್ಟಾಗಿದೆ! ಹೇಗೋ ಪಾಸ್‌ವರ್ಡ್ ಹುಡುಕಿ ಒಳಗೆ ಹೋದರೆ, ಲಿಸ್ಟಿನಲ್ಲಿ ಹೆಸರುಗಳೇ ಇಲ್ಲ, ಬರೀ ನಂಬರು. ಮುಂಬಾಗಿಲಲ್ಲಿ ಆ ಮನುಷ್ಯ 47. ಸರ್ವರ್ ರೂಮಿನಲ್ಲಿ ಅದೇ ಮನುಷ್ಯ 12. ಸ್ಟೋರ್ ಬಾಗಿಲಲ್ಲಿ ಎರಡು ಸಲ ಎನ್‌ರೋಲ್ ಆಗಿದ್ದಾನೆ, ಮೊದಲ ಸಲ ಬೆರಳು ಸರಿಯಾಗಿ ಹಿಡಿಯಲಿಲ್ಲ ಅಂತ. ಒಂದನ್ನು ಅಳಿಸಿದರು, ಇನ್ನೊಂದು ಉಳಿಯಿತು. ಹಿಂದಿನ ಗೋಡೌನ್ ಬಾಗಿಲು? “ನಾಳೆ ಮಾಡ್ತೀನಿ ಸರ್.” ಆ ನಾಳೆ ಇನ್ನೂ ಬಂದಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಇಲ್ಲಿ ಅದೂ ಇಲ್ಲ. ಕೊಳ್ಳೆ ಹೋದ ಮೇಲೂ ಒಂದು ಬಾಗಿಲು ತೆರೆದೇ ಇರುತ್ತದೆ.

ಇನ್ನೊಂದು ವಿಷಯ. ಆ ಅಗ್ಗದ ಮೆಷಿನ್‌ಗಳಲ್ಲಿ ಎಷ್ಟೋ ಕಡೆ ಬಾಗಿಲು ತೆರೆಸುವ ರಿಲೇ, ಅಂದರೆ ಬೀಗದ ಸ್ವಿಚ್, ಆ ಡಬ್ಬಿಯೊಳಗೇ ಇರುತ್ತದೆ. ಡಬ್ಬಿ ಎಲ್ಲಿರುತ್ತದೆ? ಬಾಗಿಲ ಹೊರಗೆ, ಕಳ್ಳನ ಕೈಗೆ ಸಿಗುವ ಹಾಗೆ. ಮುಚ್ಚಳ ಬಿಚ್ಚಿದರೆ ಬೀಗಕ್ಕೆ ಹೋಗುವ ತಂತಿ ಎದುರಿಗೇ ಇದೆ. ಆಮೇಲೆ ಬೆರಳೂ ಬೇಡ, ಕಾರ್ಡೂ ಬೇಡ. ಸರಿಯಾದ ಸಿಸ್ಟಮ್‌ನಲ್ಲಿ ಹೊರಗಿರುವುದು ಬರೀ ರೀಡರ್. ಅದು ನಂಬರ್ ಓದಿ ಒಳಗೆ ಕಳಿಸುತ್ತದೆ. ತೆರೆಯಬೇಕೋ ಬೇಡವೋ ಅಂತ ತೀರ್ಮಾನ ಮಾಡುವ ಕಂಟ್ರೋಲರ್ ಒಳಗಡೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಎಲ್ಲ ಕಂಟ್ರೋಲರ್‌ಗಳಿಗೂ ಒಂದೇ ಪಟ್ಟಿ ಹೋಗುತ್ತದೆ. ಆ ಪಟ್ಟಿಯಲ್ಲಿ ಒಬ್ಬರನ್ನು ನಿಲ್ಲಿಸಿದರೆ ಎಲ್ಲ ಬಾಗಿಲಲ್ಲೂ ನಿಂತರು. ಸೆಂಟ್ರಲ್ ಅಂದರೆ ಇಷ್ಟೇ ಸ್ವಾಮಿ.

ಹಾಂ, ನಿಲ್ಲಿಸಿ ಅಂದೆ, ಅಳಿಸಿ ಅನ್ನಲಿಲ್ಲ. ಡಿಸೇಬಲ್ ಮಾಡಿ, ಡಿಲೀಟ್ ಮಾಡಬೇಡಿ. ಡಿಲೀಟ್ ಮಾಡಿದರೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಹಳೆಯ ದಾಖಲೆಯಲ್ಲಿ ಹೆಸರು ಹೋಗಿ ಬರೀ ಕಾರ್ಡ್ ನಂಬರ್ ಉಳಿಯುತ್ತದೆ. ಆರು ತಿಂಗಳಾದ ಮೇಲೆ ಯಾರು ಬಂದಿದ್ದರು ಅಂತ ಹುಡುಕಿದರೆ ಯಾರೂ ಸಿಗಲ್ಲ. ಇದೊಂದು ಮಾತಿಗೇ ನೀವು ಸಬ್‌ಸ್ಕ್ರೈಬ್ ಆಗಬೇಕು. ಆಗಿದ್ದೀರಾ? ಆಗಿ. ಕಾಯುತ್ತೇನೆ.

ಈಗ ಜಾಣರು ಬರುತ್ತಾರೆ. “ಸೆಂಟ್ರಲ್ ಅಂದ್ರೆ ನೆಟ್‌ವರ್ಕ್ ಹೋದ್ರೆ ಎಲ್ಲ ಬಾಗಿಲೂ ಹೋಯ್ತಲ್ವಾ? ಫೇಸ್‌ಬುಕ್‌ಗೆ ಏನಾಯ್ತು ನೋಡಿಲ್ವಾ?” ನೋಡಿದ್ದೇನೆ. 2021ರ ಅಕ್ಟೋಬರ್ 4. ಅವರ ನೆಟ್‌ವರ್ಕ್ ತಾಸುಗಟ್ಟಲೆ ಬಿದ್ದುಹೋಯಿತು. ಸಿಬ್ಬಂದಿಯ ಬ್ಯಾಡ್ಜ್‌ಗೆ ಬಾಗಿಲು ತೆರೆಯಲಿಲ್ಲ ಅಂತ ಪತ್ರಿಕೆಗಳಲ್ಲೂ ಬಂತು. ಅದರಿಂದ ಕಲಿಯಬೇಕಾದದ್ದು ಏನು? ಬಿಡಿ ಮೆಷಿನ್ ಹಾಕಿಕೊಳ್ಳಿ ಅಂತಲಾ? ಅಲ್ಲ. ಪಟ್ಟಿ ಒಂದೇ ಕಡೆ ಇರಲಿ, ತೀರ್ಮಾನ ಮಾತ್ರ ಬಾಗಿಲ ಹತ್ತಿರವೇ ಆಗಲಿ ಅಂತ. ಒಳ್ಳೆಯ ಕಂಟ್ರೋಲರ್ ಪಟ್ಟಿಯ ಪ್ರತಿಯನ್ನು ತನ್ನ ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ. ನೆಟ್‌ವರ್ಕ್ ಹೋದರೂ ಬಾಗಿಲು ನಡೆಯುತ್ತದೆ. ಯಾರು ಬಂದರು ಹೋದರು ಅಂತ ಬರೆದಿಟ್ಟುಕೊಂಡು, ಸಂಪರ್ಕ ಬಂದ ಮೇಲೆ ಕಳಿಸುತ್ತದೆ. ಇದು ಹೊಸ ವಿದ್ಯೆ ಏನಲ್ಲ.

ಆದ್ದರಿಂದ ಡೆಮೋ ಕೊಡೋಕೆ ಬಂದವರಿಗೆ ಸ್ಲೈಡ್ ತೋರಿಸೋಕೆ ಬಿಡಬೇಡಿ. ಲ್ಯಾಪ್‌ಟಾಪ್ ಮುಚ್ಚಿಸಿ. ಎರಡು ಬಾಗಿಲ ಕಿಟ್ ಮೇಜಿನ ಮೇಲೆ ಇಡಿಸಿ. ಒಂದು ಕಾರ್ಡ್ ಡಿಸೇಬಲ್ ಮಾಡಿಸಿ, ಎರಡರಲ್ಲೂ ತೋರಿಸಿ ನೋಡಿ. ಆಮೇಲೆ ಒಂದು ಕಂಟ್ರೋಲರ್‌ನ ನೆಟ್‌ವರ್ಕ್ ಕೇಬಲ್ ನೀವೇ ಕಿತ್ತುಹಾಕಿ. ಉಳಿದ ಕಾರ್ಡ್‌ಗಳು ಅದರಲ್ಲಿ ನಡೆಯಬೇಕು. ಈಗ ಇನ್ನೊಂದು ಕಾರ್ಡ್ ಡಿಸೇಬಲ್ ಮಾಡಿಸಿ. ಕೇಬಲ್ ಕಿತ್ತ ಬಾಗಿಲಿಗೆ ಆ ಸುದ್ದಿ ಮುಟ್ಟಿರಲ್ಲ, ಮುಟ್ಟೋಕೆ ಸಾಧ್ಯವೂ ಇಲ್ಲ. ಆದರೆ “ಈ ಬಾಗಿಲಿಗೆ ಬದಲಾವಣೆ ಹೋಗಿಲ್ಲ” ಅಂತ ಪರದೆ ಮೇಲೆ ಕೆಂಪಗೆ ತೋರಿಸಬೇಕು. ಕೇಬಲ್ ವಾಪಸ್ ಹಾಕಿದ ಕೂಡಲೇ, ಯಾರೂ ಏನೂ ಒತ್ತದೆ, ಆ ಕಾರ್ಡ್ ಸಾಯಬೇಕು. “ಸಿಂಕ್ ಬಟನ್ ಒತ್ತಬೇಕು ಸರ್” ಅಂದರೆ, ಒಳ್ಳೆಯದಾಗಲಿ, ಹೋಗಿ ಬನ್ನಿ.

ಕಾರ್ಡ್ ವಿಷಯಕ್ಕೆ ಬರೋಣ, ಬೇಗ ಮುಗಿಸುತ್ತೇನೆ. 125 ಕಿಲೋಹರ್ಟ್ಸ್‌ನ ಹಳೆಯ ಪ್ರಾಕ್ಸಿಮಿಟಿ ಕಾರ್ಡ್ ಹತ್ತಿರ ಹೋದವರಿಗೆಲ್ಲ ತನ್ನ ನಂಬರ್ ಹೇಳಿಬಿಡುತ್ತದೆ. ಗುಟ್ಟು ಅನ್ನುವುದೇ ಅದಕ್ಕಿಲ್ಲ. ಮೈಫೇರ್ ಕ್ಲಾಸಿಕ್ ಅನ್ನುವ ಕಾರ್ಡ್ 1994ರಲ್ಲಿ ಬಂದದ್ದು. ಅದರ ಗುಪ್ತಲಿಪಿಯನ್ನು 2008ರಲ್ಲೇ ಸಂಶೋಧಕರು ಮುರಿದು ತೋರಿಸಿದರು. ಇವತ್ತಿಗೂ ಅದನ್ನೇ “ಸ್ಮಾರ್ಟ್ ಕಾರ್ಡ್” ಅಂತ ಮಾರುತ್ತಾರೆ! ಕೆಲಸ ಬಿಡುವವರು ತಮ್ಮ ಕಾರ್ಡನ್ನು ವಾಪಸ್ ಕೊಟ್ಟೇ ಹೋಗುತ್ತಾರೆ, ನಗುನಗುತ್ತಾ. ಆದರೆ ಪಕ್ಕದ ಸೀಟಿನವರ ಕಾರ್ಡನ್ನು ನಕಲು ಮಾಡಿಕೊಂಡಿದ್ದರೆ? ನೀವು ಯಾರ ಕಾರ್ಡ್ ಸಾಯಿಸುತ್ತೀರಿ? ಡೆಸ್‌ಫೈರ್ ಕಾರ್ಡ್ ಥರ, ಎಇಎಸ್ ಅನ್ನುವ ಗಟ್ಟಿ ಗುಪ್ತಲಿಪಿ ಇರುವ ಕಾರ್ಡ್ ಕೇಳಿ.

ರೀಡರ್‌ನಿಂದ ಕಂಟ್ರೋಲರ್‌ಗೆ ಹೋಗುವ ತಂತಿಯ ಕಥೆಯೂ ಇದೇ. ವೀಗಂಡ್ ಅನ್ನುವ ಹಳೆಯ ಪದ್ಧತಿಯಲ್ಲಿ ನಂಬರ್ ಮುಚ್ಚುಮರೆ ಇಲ್ಲದೆ ಹೋಗುತ್ತದೆ. ಅದರ ಮಾಮೂಲಿ 26 ಬಿಟ್ ಮಾದರಿಯಲ್ಲಿ ಸೈಟ್ ಕೋಡ್‌ಗೆ, ಅಂದರೆ ಯಾವ ಜಾಗದ ಕಾರ್ಡ್ ಅಂತ ಹೇಳುವ ನಂಬರ್‌ಗೆ, ಸಿಗುವುದು 8 ಬಿಟ್, ಅಂದರೆ 256 ಬಗೆ ಅಷ್ಟೇ. ಕಾರ್ಡ್ ನಂಬರ್‌ಗೆ 16 ಬಿಟ್. ಹಾಗಾಗಿ ಇನ್ಯಾವುದೋ ಕಂಪನಿಯ ಕಾರ್ಡ್‌ಗೂ ನಿಮ್ಮದೇ ನಂಬರ್ ಇರಬಹುದು. ಅದರ ಬದಲು ರೀಡರ್ ಮತ್ತು ಕಂಟ್ರೋಲರ್ ಮಾತಾಡಿಕೊಳ್ಳುವ ಹೊಸ ಪದ್ಧತಿ ಓಎಸ್‌ಡಿಪಿ ಕೇಳಿ. 2020ರಲ್ಲಿ ಅದು ಐಇಸಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡವೂ ಆಗಿದೆ. ಅದರಲ್ಲಿ ನಂಬರನ್ನು ಗುಪ್ತಲಿಪಿಯಲ್ಲಿ ಕಳಿಸುವ ಸೆಕ್ಯೂರ್ ಚಾನೆಲ್ ಆನ್ ಮಾಡಿಸುವುದನ್ನು ಮರೆಯಬೇಡಿ. ಆನ್ ಮಾಡದೆ ಓಎಸ್‌ಡಿಪಿ ಇದೆ ಅಂತ ಬೀಗುವವರೂ ಇದ್ದಾರೆ.

ಒಂದು ವಿಷಯದಲ್ಲಿ ತಮಾಷೆ ಇಲ್ಲ. ಮ್ಯಾಗ್ನೆಟಿಕ್ ಲಾಕ್ ಕರೆಂಟ್ ಇರುವವರೆಗೆ ಹಿಡಿದುಕೊಂಡಿರುತ್ತದೆ, ಹೋದರೆ ಬಿಡುತ್ತದೆ. ಬೆಂಕಿ ಅಲಾರಂ ಹೊಡೆದಾಗ ಹೊರಹೋಗುವ ದಾರಿಯ ಬೀಗಗಳ ಕರೆಂಟ್ ತಾನಾಗಿ ಕಡಿತವಾಗಬೇಕು. ಅದು ನೇರ ತಂತಿಯಿಂದ ಆಗಬೇಕು. ಸಾಫ್ಟ್‌ವೇರ್ ಹೇಳಲಿ ಅಂತ ಕಾಯುವಂತಿಲ್ಲ. ಒಳಗೆ ಬರುವವರನ್ನು ಎಷ್ಟು ಬೇಕಾದರೂ ತಡೆಯಿರಿ. ಹೊರಗೆ ಹೋಗುವವರನ್ನು ತಡೆಯುವ ಹಕ್ಕು ನಿಮ್ಮ ಸಿಸ್ಟಮ್‌ಗಿಲ್ಲ.

ಅಂದಹಾಗೆ, ಈ ವಿಡಿಯೋಗೆ ಯಾವ ಕಂಪನಿಯೂ ದುಡ್ಡು ಕೊಟ್ಟಿಲ್ಲ. ಕೊಡುವ ಮನಸ್ಸಿದ್ದವರು ಮೇಲಿನ ಕೇಬಲ್ ಪರೀಕ್ಷೆ ಪಾಸಾಗಿ ಬನ್ನಿ. ಡೆಮೋದಲ್ಲಿ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಒಂದು ಪುಟದಲ್ಲಿ ಬರೆದು ಕೆಳಗೆ ಲಿಂಕ್ ಹಾಕಿದ್ದೇನೆ. ಫ್ರೀ. ಇಳಿಸಿಕೊಳ್ಳಿ. ಇಳಿಸಿಕೊಂಡು ಥ್ಯಾಂಕ್ಸ್ ಅಂತ ಒಂದು ಕಾಮೆಂಟ್ ಹಾಕಿದರೆ ಕೈ ಸವೆಯಲ್ಲ.

ಎಲ್ಲಿದ್ದೆ? ಹಾಂ. ಕಾರ್ಡ್ ಎಷ್ಟು ಗಂಟೆಗೆ ಸಾಯುತ್ತದೆ?

“ನಮ್ಮ ಸ್ಟಾಫ್ ಮೇಲೆ ನಮಗೆ ನಂಬಿಕೆ ಇದೆ.” ಇರಲಿ, ಸಂತೋಷ. ಹಾಗಾದರೆ ಬೀಗ ಯಾಕೆ? ಪರದೆ ಕಟ್ಟಿಬಿಡಿ. ನಂಬಿಕೆ ಇರುವುದು ಕೆಲಸದಲ್ಲಿ ಇರುವವರ ಮೇಲೆ. ನಾನು ಕೇಳುತ್ತಿರುವುದು ಬಿಟ್ಟು ಹೋದವರ ಬಗ್ಗೆ! ಆರು ವಾರದ ಪೇಂಟಿಂಗ್ ಕೆಲಸಕ್ಕೆ ಬಂದ ಕಾಂಟ್ರಾಕ್ಟರ್‌ಗೆ ಕಾರ್ಡ್ ಕೊಟ್ಟಿರಲ್ಲ, ಅದಕ್ಕೆ ಕೊನೆಯ ದಿನಾಂಕ ಹಾಕಿದ್ದೀರಾ? ಇಲ್ಲ. ಗೋಡೆಯ ಬಣ್ಣ ಹೋಗುತ್ತದೆ, ಆ ಕಾರ್ಡ್ ಹೋಗಲ್ಲ.

“ಎಚ್‌ಆರ್‌ನವರು ಮೇಲ್ ಹಾಕ್ತಾರೆ.” ಅಯ್ಯೋ, ಮೇಲ್ ಅಂತೆ! ಮೇಲ್ ಓದುವವರು ರಜೆಯಲ್ಲಿರುತ್ತಾರೆ. ಎಚ್‌ಆರ್ ಸಾಫ್ಟ್‌ವೇರ್‌ನಲ್ಲಿ ಕೊನೆಯ ದಿನ ಹಾಕಿದರೆ ಕಾರ್ಡ್ ತಾನಾಗಿ ನಿಲ್ಲುವ ಹಾಗೆ ಎರಡನ್ನೂ ಜೋಡಿಸೋಕೆ ಬರುತ್ತದಾ ಕೇಳಿ. “ಕಸ್ಟಮೈಸ್ ಮಾಡಿಕೊಡ್ತೀವಿ” ಅಂದರೆ ಬರಲ್ಲ ಅಂತ ತಿಳಿದುಕೊಳ್ಳಿ.

“ಒಂದೇ ಕಂಪನಿಗೆ ಕಟ್ಟುಬಿದ್ದ ಹಾಗಾಗಲ್ವಾ?” ಇದು ಸ್ವಲ್ಪ ಸರಿಯಾದ ಪ್ರಶ್ನೆ. ಮರ್ಕ್ಯುರಿ ಅನ್ನುವ ಕಂಪನಿಯ ಬೋರ್ಡ್‌ಗಳ ಥರ ಹಲವು ಸಾಫ್ಟ್‌ವೇರ್‌ಗಳ ಜೊತೆ ನಡೆಯುವ ಕಂಟ್ರೋಲರ್‌ಗಳಿವೆ, ಅಂಥದ್ದನ್ನು ನೋಡಿ. ಮುಗೀತು. ಕ್ಲೌಡ್ ಬೇಕಾ, ಸ್ವಂತ ಸರ್ವರ್ ಬೇಕಾ? ಯಾವುದಾದರೂ ಇರಲಿ ಮಾರಾಯ್ರೇ. ಕಾರ್ಡ್ ಸಾಯುತ್ತದಾ ಇಲ್ವಾ, ಅದನ್ನು ಹೇಳಿ.

“ನಮ್ಮದು ಚಿಕ್ಕ ಆಫೀಸು ಸರ್, ಎರಡೇ ಬಾಗಿಲು.” ಎರಡು ಬಾಗಿಲಿದ್ದರೆ ಎರಡು ಪಟ್ಟಿ. ಎರಡು ಪಟ್ಟಿ ಇದ್ದರೆ ಒಂದು ತಪ್ಪು. ಬೇಕು. ಒಂದೇ ಬಾಗಿಲಾದರೆ? ಒಂದೇ ಬಾಗಿಲಾದರೆ... ಬೇಕು. ಯಾಕೆ ಅಂದರೆ, ನಾಳೆ ಎರಡಾಗುತ್ತದೆ. ಆಗಲ್ಲ ಅಂತೀರಾ? ಆದರೂ ಬೇಕು. ಬೇಕು ಅಂದರೆ ಬೇಕು. ಸ್ಕ್ರಿಪ್ಟ್‌ನಲ್ಲಿ ಇದಕ್ಕೊಂದು ಕಾರಣ ಬರೆದಿದ್ದೆ, ಆ ಹಾಳೆ ಕಾಣ್ತಾ ಇಲ್ಲ.

“ಒಂದೇ ಮಾತನ್ನು ಎಷ್ಟು ಸಲ ಹೇಳ್ತೀರಿ” ಅಂತ ನಮ್ಮ ಎಡಿಟರ್ ಸನ್ನೆ ಮಾಡುತ್ತಿದ್ದಾನೆ. ಹೇಳುತ್ತೇನಪ್ಪ. ಚಾನೆಲ್ ನಂದು. ನಿನ್ನ ಕಾರ್ಡ್ ಡಿಸೇಬಲ್ ಮಾಡೋಕೆ ನನಗೆ ಐದು ಸೆಕೆಂಡ್ ಸಾಕು, ನೆನಪಿರಲಿ.

ಮುಂದಿನ ವಿಡಿಯೋ ಮುಖ ನೋಡಿ ಬಾಗಿಲು ತೆರೆಯುವ ರೀಡರ್‌ಗಳ ಬಗ್ಗೆ. ಕಾರ್ಡ್ ಕಳೆದರೆ ಬೇರೆ ಕೊಡಬಹುದು, ಮುಖದ ಮಾಹಿತಿ ಕಳುವಾದರೆ ಬೇರೆ ಮುಖ ಎಲ್ಲಿಂದ ತರುತ್ತೀರಿ? ಅದರ ಮೇಲೆ ಜಗಳ ಇದೆ. ಬೆಲ್ ಒತ್ತಿಡಿ. ನಿಮ್ಮ ಆಫೀಸಿನಲ್ಲಿ ಕಾರ್ಡ್ ಸಾಯೋಕೆ ಎಷ್ಟು ಹೊತ್ತು ಬೇಕು ಅಂತ ಕೆಳಗೆ ಬರೆಯಿರಿ. ಕಂಪನಿ ಹೆಸರು ಮಾತ್ರ ಬರೆಯಬೇಡಿ, ಕಳ್ಳರೂ ಈ ಚಾನೆಲ್ ನೋಡುತ್ತಾರೆ. ಅವರೂ ಸಬ್‌ಸ್ಕ್ರೈಬ್ ಆಗಿರಲಿ, ನನಗೇನು.